ಓದುಗರ ಪ್ರಶ್ನೆ: ಸಿಯಾಟಲ್ ಮರೀನರ್ಸ್‌ಗೆ ಈ ಸಲವಾದ್ರೂ ಉಂಟಾ?

ಹೋದ ಸಂಚಿಕೆಯಲ್ಲಿ ಕ್ರಿಕೆಟ್ ಪ್ರಶ್ನೆಯೊಂದಕ್ಕೆ ಉತ್ತರ ಬರೀತಾ ನಡುವಲ್ಲಿ ನಾನು ಅಮೆರಿಕದ ಸಿಯಾಟಲ್ ಮರೀನರ್ಸ್ ಎಂಬ ಬೇಸ್‌ಬಾಲ್ ಟೀಮಿನ ಫ್ಯಾನ್ ಅಂತ ಹೇಳಿದ್ದೇ ತಡ, ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಅದೇ. ಸಂಪಾದಕರು ಇದೊಂದು ಸಲಕ್ಕೆ ಮಾತ್ರ ಅಂತ ಒಪ್ಪಿದ್ದಾರೆ. ಕ್ರಿಕೆಟ್, ಕಂಬಳದ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಡ್ಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಐಪಿಎಲ್ ಉಂಟು, ಕಬಡ್ಡಿ ಉಂಟು, ಇದೆಂತ ಮಾರಾಯ್ರೆ ಬೇಸ್‌ಬಾಲ್? ಅದನ್ನು ಯಾವ ಹೊತ್ತಿಗೆ ನೋಡ್ತೀರಿ? (ಬಿಜೈ, ಮಂಗಳೂರು)

ಹೊತ್ತಿನದ್ದೇ ಮಜಾ ಇರುದು. ಸಿಯಾಟಲ್‌ನಲ್ಲಿ ಸಂಜೆ 6.40ಕ್ಕೆ ಶುರುವಾಗುವ ಮ್ಯಾಚ್ ಅಂದ್ರೆ ನಮಗೆ ಮರುದಿನ ಬೆಳಗ್ಗೆ 7.10, ಬನ್ಸ್ ಎಣ್ಣೆಯಿಂದ ಮೇಲೆ ಬರುವಾಗ ಮೊದಲ ಪಿಚ್, ಅಂದ್ರೆ ಮೊದಲ ಎಸೆತ, ಬೀಳ್ತದೆ, ಆಫೀಸಿಗೆ ಹೊರಡುವಾಗ ಐದೋ ಆರೋ ಇನ್ನಿಂಗ್ಸ್ ಮುಗಿದಿರ್ತದೆ, ಉಳಿದದ್ದನ್ನು ಸಿಟಿ ಬಸ್ಸಲ್ಲಿ ನೇತಾಡಿಕೊಂಡು ಫೋನಲ್ಲಿ ಸ್ಕೋರ್ ನೋಡಿದ್ರೆ ಆಯ್ತು. ಹುಚ್ಚು ಹಿಡಿಸಿದ್ದು ನನ್ನ ಅಕ್ಕನ ಮಗ, ಅಲ್ಲಿ ರೆಡ್ಮಂಡ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಈಗ ಅವನೇ "ಮಾಮ, ಇನ್ನು ಸಾಕು, ನಿಲ್ಸಿ" ಹೇಳುವಷ್ಟಾಗಿದೆ.

ಮತ್ತೆ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಒಂದೊಂದು ಟೀಮಿಗೆ 162 ಮ್ಯಾಚ್, ಹೆಚ್ಚುಕಡಿಮೆ ದಿನಾಲೂ. ನಮ್ಮ ಯಕ್ಷಗಾನ ಮೇಳದ ತಿರುಗಾಟ ಅಂತಲೇ ಇಟ್ಕೊಳ್ಳಿ, ಇವತ್ತು ಈ ಊರು ನಾಳೆ ಆ ಊರು, ಒಂದು ರಾತ್ರಿ ಆಟ ಕಳೆಗಟ್ಟದಿದ್ರೆ ಯಾರೂ ತಲೆ ಕೆಡಿಸಿಕೊಳ್ಳುದಿಲ್ಲ, ನಾಳೆ ಮತ್ತೆ ಗೆಜ್ಜೆ ಕಟ್ಟಬೇಕಲ್ಲ, ಲೆಕ್ಕ ಏನಿದ್ರೂ ತಿರುಗಾಟ ಮುಗಿಯುವ ಪತ್ತನಾಜೆಗೆ. ಎರಡು ಮ್ಯಾಚ್ ಸೋತ ಕೂಡ್ಲೇ ಕ್ಯಾಪ್ಟನ್ ಬದಲಿಸಿ ಅಂತ ಬೊಬ್ಬೆ ಹೊಡೆಯುವವರಿಗೆ ಈ ಆಟ ಆಗ್ಲಿಕ್ಕಿಲ್ಲ.

ಪ್ರಶ್ನೆ: ಅಷ್ಟು ಟೀಮ್ ಇರುವಾಗ ಇದೇ ಯಾಕೆ? ಡಾಡ್ಜರ್ಸ್, ಯಾಂಕೀಸ್ ಎಲ್ಲ ಇದ್ದಾರಲ್ಲ, ಗೆಲ್ಲುವವರನ್ನು ಹಿಡಿಯಬಾರದಿತ್ತಾ? (ಕುಂದಾಪುರ)

2024, 2025 ಎರಡೂ ವರ್ಷ ವರ್ಲ್ಡ್ ಸೀರೀಸ್ (ಲೀಗಿನ ಫೈನಲ್) ಡಾಡ್ಜರ್ಸ್‌ದ್ದೇ, ಅವರಿಗೆ ನನ್ನ ಸಪೋರ್ಟ್ ಎಂತಕ್ಕೆ? ಮರೀನರ್ಸ್ 1977ರಲ್ಲಿ ಶುರುವಾದ ಟೀಮ್. ಲೀಗಿನ 30 ಟೀಮುಗಳಲ್ಲಿ ವರ್ಲ್ಡ್ ಸೀರೀಸ್ ಒಮ್ಮೆಯೂ ಆಡದ್ದು ಇದೊಂದೇ. ಗೆಲ್ಲದ್ದು ಅಂತ ಅಲ್ಲ, ಆಡದ್ದು! 2001ರಲ್ಲಿ 116 ಮ್ಯಾಚ್ ಗೆದ್ರು, 1906ರ ಶಿಕಾಗೊ ಕಬ್ಸ್ ದಾಖಲೆಗೆ ಸರಿಸಮ, ಜಪಾನಿಂದ ಬಂದ ಇಚಿರೊ ಸುಝುಕಿ ಬಂದ ವರ್ಷವೇ ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದ, ಅಷ್ಟೆಲ್ಲ ಆಗಿ ಪ್ಲೇಆಫಲ್ಲಿ ಯಾಂಕೀಸ್ ಕೈಯಲ್ಲಿ 4-1 ಸೋತು ಮನೆಗೆ. ಅದಾದ ಮೇಲೆ ಪ್ಲೇಆಫ್ ಮುಖ ಕಂಡದ್ದು 2022ರಲ್ಲಿ. ಆ ವರ್ಷವೂ ಹ್ಯೂಸ್ಟನ್ ಎದುರು 9 ಇನ್ನಿಂಗ್ಸಿನ ಮ್ಯಾಚ್ 18 ಇನ್ನಿಂಗ್ಸ್ ಎಳೆದು, ಆರು ಗಂಟೆ ಮೇಲೆ ಆಡಿ, ಕೊನೆಗೆ 1-0 ಅಂತ ಸೋತದ್ದು. ಹೊಟ್ಟೆ ಉರಿಸ್ಲಿಕ್ಕೆ ಇಷ್ಟು ಸಾಮಾನು ಬೇರೆ ಯಾವ ಟೀಮಲ್ಲಿ ಸಿಗ್ತದೆ ಹೇಳಿ.

ಪ್ರಶ್ನೆ: ಅವರ ಆಟದ ಶೈಲಿ ಎಂತದು? ಕ್ರಿಕೆಟ್ ಗೊತ್ತಿರುವ ಮಕ್ಕಳಿಗೆ ಅರ್ಥ ಆಗುವ ಹಾಗೆ ಹೇಳಿ. (ಉಡುಪಿಯ ಒಬ್ಬ ಪಿಟಿ ಮಾಸ್ಟ್ರು)

ಮಾಸ್ಟ್ರೇ, ಇದು ಬೌಲಿಂಗ್ ಟೀಮ್. ಬೇಸ್‌ಬಾಲಲ್ಲಿ ಪಿಚರ್ ಎಸೆದ ಚೆಂಡು ಬ್ಯಾಟರ್‌ನ ಎದುರಿನ ಒಂದು ಕಣ್ಣಿಗೆ ಕಾಣದ ಚೌಕದ ಒಳಗೆ ಹೋಗ್ಬೇಕು, ಅದು ಸ್ಟ್ರೈಕ್ ಝೋನ್. ಅದರ ಹೊರಗೆ ಹೋದದ್ದನ್ನು ಬ್ಯಾಟರ್ 4 ಸಲ ಬಿಟ್ರೆ ಪುಕ್ಕಟೆ ಮೊದಲ ಬೇಸ್ (ನಾಲ್ಕು ಬೇಸ್ ಸುತ್ತಿ ಬಂದ್ರೆ ಒಂದು ರನ್), ವಾಕ್ ಹೇಳ್ತಾರೆ. ಪುಕ್ಕಟೆ ಕೊಡ್ಬೇಡಿ, ಬೇಕಾದ್ರೆ ಅವ ಹೊಡ್ದು ತಗೊಳ್ಳಲಿ, ಇಷ್ಟೇ ಮರೀನರ್ಸ್ ಪಿಚರ್‌ಗಳ ಧರ್ಮ. ಜಾರ್ಜ್ ಕರ್ಬಿಗಂತೂ ವಾಕ್ ಕೊಡುದು ಅಂದ್ರೆ ಅವಮಾನ. ಬ್ರಯಾನ್ ವೂ ಅಂತ ಒಬ್ಬ, 2025ರಲ್ಲಿ ಅವ ಶುರು ಮಾಡಿದ ಮೊದಲ 25 ಮ್ಯಾಚುಗಳಲ್ಲಿ ಒಂದರಲ್ಲೂ 6 ಇನ್ನಿಂಗ್ಸಿಗಿಂತ ಮೊದಲು ಇಳಿದವ ಅಲ್ಲ, ಈಗಿನ ಕಾಲದಲ್ಲಿ ಪಿಚರ್‌ಗಳನ್ನು 5ಕ್ಕೇ ಇಳಿಸುವಾಗ ಇದು ಭಾರೀ ದೊಡ್ಡ ವಿಷಯ. ಲೋಗನ್ ಗಿಲ್ಬರ್ಟ್, ಕರ್ಬಿ, ವೂ, ಬ್ರೈಸ್ ಮಿಲ್ಲರ್, ನಾಲ್ಕೂ ಜನ ಇವರೇ ಡ್ರಾಫ್ಟಲ್ಲಿ (ಟೀಮುಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಹಿಡಿಯುವ ಕ್ರಮ) ಆರಿಸಿ ಬೆಳೆಸಿದ ಹುಡುಗರು. ಲೂಯಿಸ್ ಕಸ್ಟಿಯೊ ಒಬ್ಬ ಮಾತ್ರ ಹೊರಗಿಂದ ಬಂದವ.

ಬ್ಯಾಟಿಂಗ್ ಕೇಳ್ಬೇಡಿ. ಹೊಡೆದ್ರೆ ಹೋಮ್ ರನ್ (ನಮ್ಮ ಸಿಕ್ಸರ್ ತರ), ಇಲ್ಲದಿದ್ರೆ ಗಾಳಿಗೆ ಬೀಸಿ ಡಗ್‌ಔಟ್. 2024ರಲ್ಲಿ ಇಡೀ ಲೀಗಲ್ಲೇ ಅತಿ ಹೆಚ್ಚು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟ್) ಆದದ್ದು ಇವರು, ಆ ಸಲ 85 ಗೆಲುವು, ಒಂದೇ ಒಂದು ಮ್ಯಾಚಿನಿಂದ ಪ್ಲೇಆಫ್ ತಪ್ಪಿತು. 2023ರಲ್ಲೂ ಒಂದೇ ಮ್ಯಾಚಿನಿಂದ.

ಆದ್ರೆ ಮಕ್ಕಳಿಗೆ ತೋರಿಸ್ಲಿಕ್ಕೆ ಒಬ್ಬ ಇದ್ದಾನೆ, ಜಾಶ್ ನೇಯ್ಲರ್, 2025ರ ಜುಲೈಯಲ್ಲಿ ಅರಿಝೋನದಿಂದ ಬಂದ ಫಸ್ಟ್ ಬೇಸ್‌ಮನ್. ಗಟ್ಟಿ ದಪ್ಪ ಆಳು, ಲೀಗಲ್ಲೇ ಅತಿ ನಿಧಾನ ಓಡುವವರ ಸಾಲಲ್ಲಿ ಲೆಕ್ಕ, ಪಿಚರ್ ಎಸೆಯುವಾಗಲೇ ಮುಂದಿನ ಬೇಸಿಗೆ ಓಡಿ ಕದಿಯುದು ಅಂತ ಉಂಟಲ್ಲ, ಸ್ಟೀಲ್, ಅದಕ್ಕೂ ಇವನ ಮೈಕಟ್ಟಿಗೂ ಸಂಬಂಧವೇ ಇಲ್ಲ. ಅಂಥವ ಸಿಯಾಟಲ್‌ಗೆ ಬಂದ ಮೇಲೆ 19 ಸಲ ಓಡಿ 19 ಸಲವೂ ಸೇಫ್. ವಿಡಿಯೊ ಹಾಕಿ ತೋರಿಸಿ. ಅವ ಚೆಂಡು ನೋಡುದಿಲ್ಲ, ಪಿಚರ್‌ನ ಕಾಲು ಭುಜ ನೋಡ್ತಾ ಒಂದೊಂದೇ ಹೆಜ್ಜೆ ಜರುಗ್ತಾ ಇರ್ತಾನೆ, ಇನ್ನು ಇವನಿಗೆ ನನ್ನ ಕಡೆ ತಿರುಗ್ಲಿಕ್ಕೆ ಆಗುದಿಲ್ಲ ಅಂತ ಗೊತ್ತಾದ ಗಳಿಗೆಯಲ್ಲಿ ಹೊರಟಾಯ್ತು, ಹಿಂದೆ ಕೂತ ಕ್ಯಾಚರ್ ಎದ್ದು ಎಸೆಯುವಷ್ಟರಲ್ಲಿ ಈ ಮನುಷ್ಯ ಅಂಗಿಯೆಲ್ಲ ಮಣ್ಣು ಮಾಡ್ಕೊಂಡು ಬೇಸ್ ಮೇಲೆ ನಿಂತಿರ್ತಾನೆ. ನಿಮ್ಮ ಶಾಲೆಯಲ್ಲಿ ಓಟಕ್ಕೆ ಆಗುದಿಲ್ಲ ಅಂತ ಬದಿಗೆ ನಿಲ್ಲಿಸಿದ ಹುಡುಗರಿಗೆ ಮೊದಲು ತೋರಿಸಿ.

ಪ್ರಶ್ನೆ: ಸಿಯಾಟಲ್ ಕಡಲ ಬದಿಯ ಊರು, ತೇವದ ಗಾಳಿ ಭಾರ ಇರುದ್ರಿಂದ ಅಲ್ಲಿ ಚೆಂಡು ದೂರ ಹೋಗುದಿಲ್ಲ ಅಂತಾರೆ. ಹಾಗಾದ್ರೆ ಪಣಂಬೂರಲ್ಲಿ ಆಡಿದ್ರೆ ಹೋಮ್ ರನ್ನೇ ಬರ್ಲಿಕ್ಕಿಲ್ವಾ? (ಮಣಿಪಾಲ, ಇಂಜಿನಿಯರಿಂಗ್ ವಿದ್ಯಾರ್ಥಿ)

ಇಂಜಿನಿಯರಿಂಗ್ ಓದುವವರು ಇದನ್ನು ಕೇಳುದಾ ಮಾರಾಯ್ರೆ! ನೀರಿನ ಅಣುವಿನ ತೂಕ 18, ನೈಟ್ರೋಜನ್‌ದ್ದು 28, ತೇವ ತುಂಬಿದ ಗಾಳಿ ಒಣ ಗಾಳಿಗಿಂತ ಹಗುರ. ಸಿಯಾಟಲ್‌ನಲ್ಲಿ ಚೆಂಡು ತಡೆಯುದು ಚಳಿ. ಏಪ್ರಿಲ್ ರಾತ್ರಿ 10 ಡಿಗ್ರಿ ಆಸುಪಾಸು ಇರ್ತದೆ, ತಣ್ಣಗಿನ ಗಾಳಿ ದಟ್ಟ, ಬೇರೆ ಕಡೆ ಗ್ಯಾಲರಿಗೆ ಬೀಳುವ ಹೊಡೆತ ಇಲ್ಲಿ ಬೇಲಿ ಹತ್ರ ಕ್ಯಾಚ್ ಆಗ್ತದೆ. ಅವರ ಟಿ-ಮೊಬೈಲ್ ಪಾರ್ಕ್ ಮೈದಾನಕ್ಕೆ ಸರಿಯುವ ಮಾಡು ಉಂಟು, ಮಳೆ ಬಂದ್ರೆ ಮೇಲೆ ಮುಚ್ಚುತ್ತದೆ, ಬದಿ ಮಾತ್ರ ತೆರೆದೇ ಇರ್ತದೆ, ಹಾಗಾಗಿ ಚಳಿಗೆ ತಡೆ ಇಲ್ಲ. ಪಣಂಬೂರಿನ ಸೆಕೆಯಲ್ಲಿ ಚೆಂಡು ಚೆನ್ನಾಗಿಯೇ ಹೋದೀತು, ಬೆವರಿಗೆ ಬ್ಯಾಟ್ ಕೈಯಿಂದ ಜಾರದಿದ್ರೆ.

ಚೆಂಡಿಗೇ ತೇವ ಹಿಡಿದ್ರೆ ಅದು ಬೇರೆ ಕಥೆ, ಪುಟಿತ ಕಡಿಮೆ ಆಗ್ತದೆ. ಎತ್ತರದ ಡೆನ್ವರ್‌ನಲ್ಲಿ ಹೋಮ್ ರನ್ ಜಾಸ್ತಿ ಆಯ್ತು ಅಂತ 2002ರಿಂದ ಚೆಂಡುಗಳನ್ನು ತೇವ ಹಿಡಿದಿಡುವ ಕೋಣೆಯಲ್ಲಿ ಇಡ್ಲಿಕ್ಕೆ ಶುರು ಮಾಡಿದ್ರು, 2022ರಿಂದ 30 ಮೈದಾನಗಳಲ್ಲೂ ಅದೇ ವ್ಯವಸ್ಥೆ.

ಪ್ರಶ್ನೆ: ಕ್ಯಾಲ್ ರ್‍ಯಾಲಿ ಅಷ್ಟು ದೊಡ್ಡ ಆಟಗಾರನಾ? ನನ್ನ ತಮ್ಮ ದಿನಾ ಅವನದ್ದೇ ರೀಲ್ಸ್ ಕಳಿಸ್ತಾನೆ. (ಸುರತ್ಕಲ್)

ತಮ್ಮನಿಗೆ ನನ್ನ ನಮಸ್ಕಾರ ಹೇಳಿ. 2025ರಲ್ಲಿ 60 ಹೋಮ್ ರನ್ ಹೊಡೆದವ, ಅದೂ ಕ್ಯಾಚರ್. ಕ್ರಿಕೆಟ್ ಕೀಪರ್ ಹಾಗೆ ಅಂತ ತಿಳ್ಕೊಂಡ್ರೆ ಸಾಲದು, ದಿನಾ ನೂರರ ಮೇಲೆ ಪಿಚ್‌ಗೆ ಕುಕ್ಕರಗಾಲಲ್ಲಿ ಕೂತು ಏಳ್ಬೇಕು, ಯಾವ ಚೆಂಡು ಎಸೆಯುದು ಅಂತ ಪಿಚರ್‌ಗೆ ಹೇಳ್ಬೇಕು, ಮೈಗೆ ಪೆಟ್ಟು ತಿನ್ಬೇಕು, ಆಮೇಲೆ ಬ್ಯಾಟ್ ಹಿಡಿಬೇಕು. ಕ್ಯಾಚರ್‌ಗಳ ಹಳೆ ದಾಖಲೆ ಸಾಲ್ವಡಾರ್ ಪೆರೆಝ್‌ದ್ದು 48, ಎಡ ಬಲ ಎರಡೂ ಕೈಯಲ್ಲಿ ಆಡುವವರದ್ದು ಮಿಕಿ ಮ್ಯಾಂಟಲ್ 1961ರಲ್ಲಿ ಮಾಡಿದ 54, ಮರೀನರ್ಸ್‌ನ ಸ್ವಂತ ದಾಖಲೆ ಕೆನ್ ಗ್ರಿಫಿ ಜೂನಿಯರ್‌ದ್ದು 56, ಮೂರನ್ನೂ ಒಂದೇ ವರ್ಷದಲ್ಲಿ ದಾಟಿದ. ಆದ್ರೂ ಎಂವಿಪಿ ಕೊಟ್ಟದ್ದು ಯಾಂಕೀಸಿನ ಆರನ್ ಜಡ್ಜ್‌ಗೆ. ನನಗೆ ಈಗಲೂ ಒಪ್ಪಿಗೆ ಇಲ್ಲ.

2026ರಿಂದ ಇನ್ನೊಂದು ಉಂಟು, ನಮ್ಮ ಡಿಆರ್‌ಎಸ್ ತರ ಅವರಿಗೂ ಚಾಲೆಂಜ್ ಬರ್ತದೆ. ಅಂಪೈರ್ ಬಾಲ್ (ಝೋನ್ ಹೊರಗಿನದ್ದು), ಸ್ಟ್ರೈಕ್ (ಒಳಗಿನದ್ದು) ತಪ್ಪು ಹೇಳಿದ್ರೆ ಪಿಚರ್, ಕ್ಯಾಚರ್ ಇಲ್ಲ ಬ್ಯಾಟರ್ ಆಗಲೇ ತಲೆ ತಟ್ಟಿ ಕೇಳ್ಬಹುದು, ಟೀಮಿಗೆ ಎರಡು, ಸರಿಯಾದ್ರೆ ಹೋಗುದಿಲ್ಲ. ಡಗ್‌ಔಟ್‌ನಿಂದ ಸನ್ನೆ ಮಾಡ್ಲಿಕ್ಕಿಲ್ಲ. ಝೋನ್ ಅಳತೆ ಕಣ್ಣಲ್ಲೇ ಇರುವ ಕ್ಯಾಚರ್ ಇದ್ದ ಟೀಮಿಗೆ ಇದು ಲಾಭ ಅಂತ ನನ್ನ ಅಂದಾಜು, ಪಿಚರ್‌ಗಳನ್ನು ಮಾತ್ರ ಕೇಳ್ಲಿಕ್ಕೆ ಬಿಡ್ಬಾರದು, ಅವರಿಗೆ ತಾವು ಎಸೆದದ್ದೆಲ್ಲ ಸ್ಟ್ರೈಕೇ.

ಪ್ರಶ್ನೆ: 2025ರಲ್ಲಿ ಫೈನಲ್ ಹತ್ರ ಹೋಗಿ ಸೋತದ್ದು ಯಾರ ತಪ್ಪು? (ಕಟಪಾಡಿ)

ಅಯ್ಯೋ ಇದನ್ನು ಕೇಳ್ತೀರಿ ಅಂತ ಗೊತ್ತಿತ್ತು. ದೀಪಾವಳಿ ಅಮಾವಾಸ್ಯೆ ಬೆಳಗ್ಗೆ, ಅಕ್ಟೋಬರ್ 21, ಟೊರಾಂಟೊ ಟೀಮಿನ ಎದುರು ಅವರ ಊರಲ್ಲೇ ಸೆಮಿಫೈನಲಿನ ಏಳನೇ ಮ್ಯಾಚ್, ಏಳರಲ್ಲಿ ನಾಲ್ಕು ಗೆದ್ದವರು ವರ್ಲ್ಡ್ ಸೀರೀಸಿಗೆ. ಅದಕ್ಕೆ ಮೊದಲು ಡೆಟ್ರಾಯಿಟ್ ಎದುರು 15 ಇನ್ನಿಂಗ್ಸ್ ಆಡಿ 3-2 ಗೆದ್ದು ಬಂದಿದ್ರು, ಟೊರಾಂಟೊದ ಮೊದಲೆರಡು ಮ್ಯಾಚ್ ಅವರದೇ ಊರಲ್ಲಿ ಹೊಡೆದಿದ್ರು, ಸಿಯಾಟಲ್‌ಗೆ ಬಂದು ಮೂರರಲ್ಲಿ ಎರಡು ಸೋತ್ರು. ಏಳನೇದ್ರಲ್ಲಿ ಆರು ಇನ್ನಿಂಗ್ಸ್ ಮುಗಿಯುವಾಗ 3-1 ಮುಂದೆ, ಹೂಲಿಯೊ ರೊಡ್ರಿಗೆಝ್ ಒಂದು ಹೋಮ್ ರನ್, ರ್‍ಯಾಲಿ ಒಂದು. ವರ್ಲ್ಡ್ ಸೀರೀಸಿಗೆ ಇನ್ನು 9 ಔಟ್ ಬೇಕು, ಅಷ್ಟೇ.

ಏಳನೇ ಇನ್ನಿಂಗ್ಸಲ್ಲಿ ವೂ ಒಬ್ಬನಿಗೆ ವಾಕ್ ಕೊಟ್ಟ (ಹೌದು, ವಾಕ್!), ಮುಂದಿನವ ಸಿಂಗಲ್, ಅದರ ಮುಂದಿನವ ಬಂಟ್ ಮಾಡಿ (ಚೆಂಡನ್ನು ಮೆಲ್ಲ ತಟ್ಟಿ) ಇಬ್ಬರನ್ನೂ ಮುಂದೆ ತಳ್ಳಿದ. ಮ್ಯಾನೇಜರ್ ಡ್ಯಾನ್ ವಿಲ್ಸನ್ ಕರೆದದ್ದು ಎಡ್ವರ್ಡ್ ಬಜಾರ್ಡೊನನ್ನು, 100 ಮೈಲಿ ಸ್ಪೀಡಲ್ಲಿ ಎಸೆಯುವ ಆಂಡ್ರೆಸ್ ಮುನ್ಯೋಸ್ ಬದಲಿ ಪಿಚರ್‌ಗಳು ಕಾಯುವ ಬುಲ್‌ಪೆನ್‌ನಲ್ಲೇ ಉಳಿದ. ಜಾರ್ಜ್ ಸ್ಪ್ರಿಂಗರ್ ಹೊಡೆದ ಚೆಂಡು ಗ್ಯಾಲರಿಗೆ, ಮೂರು ರನ್, 4-3, ಮುಗೀತು. ನಾನಾದ್ರೆ ಮುನ್ಯೋಸ್‌ನನ್ನೇ ತರ್ತಿದ್ದೆ. ಉತ್ತಮ ಪಿಚರ್ ಒಂಬತ್ತನೇ ಇನ್ನಿಂಗ್ಸಿಗೆ ಅಂತ ಎತ್ತಿಡುದು ಹಳೆ ಕ್ರಮ, ಮ್ಯಾಚ್ ಕೈ ತಪ್ಪುದು ಏಳರಲ್ಲಿ ಆದ್ರೆ ಅವನನ್ನು ಏಳಕ್ಕೇ ತರ್ಬೇಕು. ಆದ್ರೆ ಪೂರ್ತಿ ವಿಲ್ಸನ್ ತಲೆಗೆ ಕಟ್ಟುದೂ ಸರಿಯಲ್ಲ, ಮೂರೇ ರನ್ ಮಾಡಿ ಕೂತ ಬ್ಯಾಟರ್‌ಗಳೂ ಇದ್ದಾರಲ್ಲ. ಮನೆಯಲ್ಲಿ ಹಬ್ಬದ ಅಡಿಗೆ ಆಗ್ತಾ ಇತ್ತು, ಯಾರೂ ನನ್ನ ಹತ್ರ ಮಾತಾಡ್ಲಿಕ್ಕೆ ಬರ್ಲಿಲ್ಲ.

ಪ್ರಶ್ನೆ: ಎಂತಾದ್ರೂ ಹರಕೆ ಹೇಳಿಕೊಳ್ಳಬಾರದಾ? (ಮೂಲ್ಕಿ)

ಅಲ್ಲಿಯವರೂ ಬಿಟ್ಟಿಲ್ಲ. 2025ರ ಸೆಪ್ಟೆಂಬರಲ್ಲಿ ಒಬ್ಬ ಫ್ಯಾನ್ ಆನ್‌ಲೈನಲ್ಲಿ ದುಡ್ಡು ಕೊಟ್ಟು ಮಂತ್ರಗಾತಿಯಿಂದ ಟೀಮಿಗೆ ಮಂತ್ರ ಹಾಕಿಸಿದ, ಅದೇ ಹೊತ್ತಿಗೆ ಟೀಮ್ ಸಾಲಾಗಿ 10 ಮ್ಯಾಚ್ ಗೆದ್ದಿತು, 2001ರ ನಂತರ ಮೊದಲ ಸಲ ಡಿವಿಜನ್ (ಲೀಗಿನೊಳಗೆ ಐದು ಟೀಮುಗಳ ಗುಂಪು) ಗೆದ್ದಿತು, ಸ್ಟೇಡಿಯಮಲ್ಲಿ ಜನ ಮಾಟಗಾತಿ ಟೊಪ್ಪಿ ಹಾಕಿ ಬಂದದ್ದು. ನಾನು ಕಟೀಲಿಗೆ ಯಕ್ಷಗಾನ ಆಟದ ಹರಕೆ ಹೇಳಿದ್ರೆ ಬುಕಿಂಗ್ ಸರದಿ ಬರುವಾಗ ರ್‍ಯಾಲಿ ರಿಟೈರ್ ಆಗಿರ್ತಾನೆ.

ಪ್ರಶ್ನೆ: ನಮ್ಮವರು ಯಾರಾದ್ರೂ ಅಲ್ಲಿ ಆಡಿದ್ದಾರಾ? (ಉಳ್ಳಾಲ)

ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಅಂತ ಇಬ್ಬರು ಜಾವೆಲಿನ್ ಹುಡುಗರು 2008ರಲ್ಲಿ ಒಂದು ಟಿವಿ ಸ್ಪರ್ಧೆಯಿಂದ ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದ್ರು, ಕೆಳಗಿನ ಲೀಗುಗಳಲ್ಲಿ ಆಡಿದ್ರು. ಈ ರಿಂಕು ಕೆಕೆಆರ್ ರಿಂಕು ಅಲ್ಲ, ಇವ ಆಮೇಲೆ ಕುಸ್ತಿಗೆ ಹೋಗಿ ಡಬ್ಲ್ಯುಡಬ್ಲ್ಯುಇ ಸೇರಿದ.

ಪ್ರಶ್ನೆ: ಕೊನೆಗೆ ಹೇಳಿ, 2026ರಲ್ಲಿ ಗೆಲ್ತಾರಾ ಇಲ್ವಾ? (ಮಲ್ಪೆ)

ಟೀಮಿನ ಆಡಳಿತ ನೋಡುವ ಜೆರಿ ಡಿಪೋಟೊ 2023ರಲ್ಲಿ ಒಂದು ಮಾತು ಹೇಳಿ ಬೈಸಿಕೊಂಡಿದ್ದ, ಹತ್ತು ವರ್ಷ ನೂರಕ್ಕೆ 54 ಮ್ಯಾಚ್ ಗೆಲ್ತಾ ಇದ್ರೆ ಸಾಕು, ವರ್ಲ್ಡ್ ಸೀರೀಸ್ ತಾನಾಗಿ ಬರ್ತದೆ ಅನ್ನುವ ಅರ್ಥದಲ್ಲಿ. ಲೆಕ್ಕ ಹಾಕಿದ್ರೆ 162ರಲ್ಲಿ 87, 88. ಇವರು 2021ರಲ್ಲಿ 90 ಗೆದ್ದೂ ಪ್ಲೇಆಫ್ ತಪ್ಪಿಸಿಕೊಂಡ್ರು, 2025ರಲ್ಲಿ ಅದೇ 90 ಗೆದ್ದು ವರ್ಲ್ಡ್ ಸೀರೀಸಿನ ಬಾಗಿಲಿಗೆ ಹೋದ್ರು. ಹಾಗಾಗಿ ಗೆಲುವಿನ ಸಂಖ್ಯೆ ನೋಡಿ ನಾನು ಏನೂ ಹೇಳುದಿಲ್ಲ.

ನೇಯ್ಲರ್‌ನನ್ನು 5 ವರ್ಷಕ್ಕೆ 92.5 ಮಿಲಿಯನ್ ಡಾಲರ್ ಕೊಟ್ಟು ಉಳಿಸಿಕೊಂಡದ್ದು ನನಗೆ ಭಾರೀ ಖುಷಿ, ಡೆಟ್ರಾಯಿಟ್ ಎದುರು 15ನೇ ಇನ್ನಿಂಗ್ಸಲ್ಲಿ ಹೊಡೆದು ಗೆಲ್ಲಿಸಿದ ಹೋರ್ಹೆ ಪೊಲಾಂಕೊ ನ್ಯೂಯಾರ್ಕ್ ಮೆಟ್ಸ್‌ಗೆ ಹೋದದ್ದು ಬೇಜಾರು. ರ್‍ಯಾಲಿ ಇನ್ನೊಮ್ಮೆ 60 ಹೊಡೀತಾನೆ ಅಂತ ಯಾರೂ ಕಾಯ್ಬೇಡಿ, 40 ಹೊಡೆದ್ರೂ ಸಾಕು, ಬಾಕಿ 20ನ್ನು ಉಳಿದವರು ಹಂಚಿಕೊಳ್ಳಲಿ. ಪಿಚರ್‌ಗಳು ಐದೂ ಜನ ಗಾಯ ಇಲ್ಲದೆ ಸೆಪ್ಟೆಂಬರ್ ಮುಟ್ಟಿದ್ರೆ ಡಿವಿಜನ್ ಇವರದ್ದೇ, ವೂನ ಎದೆ ಸ್ನಾಯು 2025ರ ಸೆಪ್ಟೆಂಬರಲ್ಲಿ ಕೈ ಕೊಟ್ಟದ್ದರಿಂದಲೇ ಟೊರಾಂಟೊದಲ್ಲಿ ಅವನನ್ನು ಶುರುವಿಂದ ಅಲ್ಲ, ಮ್ಯಾಚಿನ ನಡುವಲ್ಲಿ ಎಸೆಯಲಿಕ್ಕೆ ಕಳಿಸುವ ಪರಿಸ್ಥಿತಿ ಬಂದದ್ದು. ಪ್ಲೇಆಫ್ ಹೌದು, ವರ್ಲ್ಡ್ ಸೀರೀಸ್ ಮುಟ್ಟುದು ಫಿಫ್ಟಿ ಫಿಫ್ಟಿ, ಕಪ್ ಕೇಳ್ಬೇಡಿ, ಎದುರಲ್ಲಿ ಡಾಡ್ಜರ್ಸ್ ಇದ್ದಾರೆ. ಏಳನೇ ಇನ್ನಿಂಗ್ಸಿಗೆ ಮುನ್ಯೋಸ್ ಜೊತೆ ನಂಬಬಹುದಾದ ಇನ್ನೊಬ್ಬ ಜುಲೈ ಒಳಗೆ ಸಿಕ್ಕಿದ್ರೆ ಈ ಉತ್ತರ ಬದಲಾಯಿಸ್ತೇನೆ, ಆಗ ಇನ್ನೊಮ್ಮೆ ಬರೀರಿ, ಸಂಪಾದಕರನ್ನು ನಾನು ನೋಡ್ಕೊಳ್ತೇನೆ.