ಮಹನೀಯರ ವಯಸ್ಸು ಬರೆದಿಟ್ಟ ನೋಟ್‌ಬುಕ್

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ನನ್ನ ಹತ್ತಿರ ಆಪ್ತಸಲಹೆಗೆ ಬರುವುದು ಹೊಸದಲ್ಲ. ನಿದ್ದೆ ಬರಲ್ಲ, ಓದಿದ್ದು ತಲೇಲಿ ನಿಲ್ಲಲ್ಲ, ಮನೇಲಿ ಮದುವೆ ಮಾತು ಶುರುವಾಗಿದೆ. ಸಾಮಾನ್ಯವಾಗಿ ಮಾತು ಹೀಗೇ ಆರಂಭವಾಗುತ್ತದೆ. ಈ ಹುಡುಗಿಯದೂ ಅಲ್ಲಿಂದಲೇ ಶುರುವಾಯಿತು, ಆದರೆ ಹೋಗಿ ನಿಂತ ಜಾಗ ಬೇರೆ. ಅದಕ್ಕೇ ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ. ಊರು, ಮನೆಯವರ ಕೆಲಸ, ಗುರುತು ಸಿಗಬಹುದಾದ ವಿವರ ಎಲ್ಲ ಬದಲಿಸಿದ್ದೇನೆ.

ವಯಸ್ಸು 26. ಡಿಗ್ರಿ ಮುಗಿಸಿದ ಮೇಲೆ ಸಪ್ತಾಪುರದ ಕಡೆ ಒಂದು ಪಿಜಿಯಲ್ಲಿದ್ದುಕೊಂಡು ಓದುತ್ತಿದ್ದಾಳೆ. ಖರ್ಚು ನೋಡಿಕೊಳ್ಳುವವನು ಅಣ್ಣ. ಬರೆದ ಒಂದು ಪರೀಕ್ಷೆಯಲ್ಲಿ ಸ್ವಲ್ಪದರಲ್ಲೇ ಹೋಯಿತು, ಇನ್ನೊಂದು ಮುಂದಕ್ಕೆ ಹೋಗುತ್ತಲೇ ಇತ್ತು. ಇಷ್ಟು ಧಾರವಾಡದ ಯಾವ ರೀಡಿಂಗ್ ರೂಮಿನಲ್ಲಿ ಕೂತರೂ ಕೇಳಿಬರುವ ಕಥೆ.

ಅಣ್ಣ ದಿನಾ ಬೆಳಿಗ್ಗೆ ವಾಟ್ಸ್ಆ್ಯಪ್‌ನಲ್ಲಿ ಒಂದು 'ದಿನವಿಶೇಷ' ಕಳಿಸುತ್ತಿದ್ದ. ಇವತ್ತು ಯಾರ ಜಯಂತಿ, ಯಾರ ಪುಣ್ಯತಿಥಿ, ಅವರ ಫೋಟೋ, ಕೆಳಗೆ ಒಂದು ಸ್ಫೂರ್ತಿಯ ಮಾತು. ಪರೀಕ್ಷೆಗೂ ಬೇಕಾಗುತ್ತದೆ ಅಂತ ಆಕೆ ಅದನ್ನೆಲ್ಲ ಒಂದು ಉದ್ದನೆಯ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಳು. ಎರಡನೇ ಭೇಟಿಗೆ ಅದನ್ನು ತರಲು ಹೇಳಿದೆ. ಸ್ಕೇಲ್ ಇಟ್ಟು ಗೆರೆ ಎಳೆದು ಮೂರು ಕಾಲಂ ಮಾಡಿದ್ದಳು. ಮೊದಲನೆಯದು ದಿನಾಂಕ, ಎರಡನೆಯದು ಹೆಸರು ಮತ್ತು ಸಾಧನೆ. ಮೂರನೆಯದು ಕೆಂಪು ಪೆನ್ನಿನಲ್ಲಿ: 'ಆಗ ವಯಸ್ಸು'. ವಿವೇಕಾನಂದರ ಷಿಕಾಗೋ ಭಾಷಣ, 30. ರಾಮಾನುಜನ್ ತೀರಿಕೊಂಡಿದ್ದು, 32. ಮಾರ್ಚ್ 23ರ ಸಾಲಿನಲ್ಲಿ ಭಗತ್ ಸಿಂಗ್, 23. ಅದರ ಕೆಳಗೇ ಪೆನ್ಸಿಲ್‌ನಲ್ಲಿ ಸಣ್ಣದಾಗಿ: 'ನಾನು, 26, ಸೊನ್ನೆ'.

"ಮೇಡಂ, ಅವ್ರು ದೇಶಕ್ಕ ಜೀವ ಕೊಟ್ಟು ಹೋದ ವಯಸ್ಸು ನಾ ದಾಟೇ ಬಿಟ್ಟೀನಿ. ಇನ್ನೂ ಅಣ್ಣನ ರೊಕ್ಕದಾಗ ಊಟ ಮಾಡ್ತೀನಿ" ಅಂದಳು. ಅಳಲಿಲ್ಲ. ಲೆಕ್ಕ ಒಪ್ಪಿಸುವ ಹಾಗೆ ಹೇಳಿದಳು. ನನಗೆ ಅದೇ ಜಾಸ್ತಿ ಚಿಂತೆಯಾಗಿದ್ದು.

ನೋಟ್‌ಬುಕ್ ಪಕ್ಕಕ್ಕಿಟ್ಟು ಮೊದಲು ಕೇಳಬೇಕಾದ್ದನ್ನು ನೇರವಾಗಿಯೇ ಕೇಳಿದೆ. ಸಾಯಬೇಕು ಅನ್ನಿಸಿದೆಯಾ? ಹೇಗೆ ಅಂತ ಯೋಚನೆ ಬಂದಿದೆಯಾ? ಇಂಥದ್ದನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅಂತ ಮನೆಯವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಎಷ್ಟೋ ಜನಕ್ಕೆ ಹಗುರಾಗುತ್ತದೆ. ಆಕೆ, "ಬದುಕೂದು ಸಾಕನಸ್ತದ, ಆದ್ರ ಹಂಗ ಏನೂ ಮಾಡ್ಕೊಳ್ಳಂಗಿಲ್ರಿ" ಅಂದಳು. ನಿದ್ದೆ ಹೋಗಿತ್ತು, ಊಟ ಬಿಟ್ಟಿದ್ದಳು, ತಿಂಗಳುಗಟ್ಟಲೆ ಹೀಗೇ ನಡೆದಿತ್ತು. ಬರೀ ಮಾತಿನಲ್ಲಿ ಮುಗಿಯುವ ವಿಷಯ ಇದಲ್ಲ ಅನ್ನಿಸಿ ಇಲ್ಲಿನ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ಮನೋವೈದ್ಯರನ್ನು ನೋಡಲು ಹೇಳಿದೆ. ಮೊದಲು ಹಿಂಜರಿದಳು, ಆಮೇಲೆ ರೂಮ್‌ಮೇಟ್ ಜೊತೆ ಹೋಗಿಬಂದಳು. ಕೆಲವು ತಿಂಗಳ ಔಷಧಿ ಶುರುವಾಯಿತು. ಇದನ್ನು ಬಿಟ್ಟು ಮುಂದಿನದನ್ನಷ್ಟೇ ಹೇಳಿದರೆ ಪ್ರಕರಣ ಅರ್ಧ ಸುಳ್ಳಾಗುತ್ತದೆ.

ಈಗ ನೋಟ್‌ಬುಕ್ಕಿಗೆ ಬರೋಣ. "ಇದನ್ನ ಹರಿದು ಒಗೀಲಾ?" ಅಂತ ಆಕೆಯೇ ಕೇಳಿದ್ದಳು. ಬೇಡ ಅಂದೆ. ದೊಡ್ಡವರ ಬದುಕು ಓದುವುದರಲ್ಲಿ ತಪ್ಪೇನಿಲ್ಲ, ನಾನು ಓದಿ ಬೆಳೆದದ್ದೂ ಅದನ್ನೇ. ತೊಂದರೆ ಇದ್ದಿದ್ದು ಮೂರನೇ ಕಾಲಂನಲ್ಲಿ. ದಿನವಿಶೇಷದ ಪೋಸ್ಟ್‌ನಲ್ಲಿ ಸಿಗುವುದು ಒಬ್ಬರ ಹುಟ್ಟಿದ ದಿನ, ಗೆದ್ದ ದಿನ, ಹೋದ ದಿನ. ನಡುವಿನ ವರ್ಷಗಳಿಗೆ ಅಲ್ಲಿ ಜಾಗವೇ ಇಲ್ಲ. ಆದರೆ ಈ ಹುಡುಗಿ ಸಿಕ್ಕಿಕೊಂಡಿರುವುದು ಅಂಥದ್ದೇ ನಡುವಿನ ವರ್ಷದಲ್ಲಿ. ಹಾಗಾಗಿ ಮೂರನೇ ಕಾಲಂನ ಪ್ರಶ್ನೆ ಬದಲಿಸಿಕೊಳ್ಳಲು ಹೇಳಿದೆ: ನನ್ನ ವಯಸ್ಸಿನಲ್ಲಿ ಇವರು ಎಲ್ಲಿದ್ದರು, ಏನು ಮಾಡುತ್ತಿದ್ದರು?

ಮೊದಲ ಹೆಸರನ್ನು ಇಬ್ಬರೂ ಕೂತು ಮಾಡಿದೆವು. ಏಪ್ರಿಲ್ 14, ಅಂಬೇಡ್ಕರ್. ಆಕೆಯ ನೋಟ್‌ಬುಕ್ಕಿನಲ್ಲಿ ಇದ್ದಿದ್ದು ಸಂವಿಧಾನ, ಕೊಲಂಬಿಯಾ, ಲಂಡನ್, ಡಾಕ್ಟರೇಟ್. ಸರಿ, 1891ರಲ್ಲಿ ಹುಟ್ಟಿದವರಿಗೆ 26 ಆಗಿದ್ದು ಯಾವಾಗ? 1917. ಆ ವರ್ಷ ಲಂಡನ್ನಿನ ಓದು ಅರ್ಧಕ್ಕೇ ನಿಂತಿತ್ತು, ಯಾಕಂದರೆ ಬರೋಡಾ ಸಂಸ್ಥಾನ ಕೊಡುತ್ತಿದ್ದ ವಿದ್ಯಾರ್ಥಿವೇತನದ ಅವಧಿ ಮುಗಿದಿತ್ತು. ಕರಾರಿನಂತೆ ಬರೋಡಾಕ್ಕೆ ಕೆಲಸಕ್ಕೆ ಬಂದರು. ವಿದೇಶದಲ್ಲಿ ಓದಿಬಂದ ಮನುಷ್ಯನಿಗೆ ಊರಲ್ಲಿ ಇರಲು ಒಂದು ಕೋಣೆ ಸಿಗಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಉಳಿದರು. ಗೊತ್ತಾದ ಮೇಲೆ ಕೋಲು ಹಿಡಿದ ಗುಂಪು ಬಂದು, ಸಂಜೆಯೊಳಗೆ ಜಾಗ ಖಾಲಿ ಮಾಡು ಅಂತ ಬೆದರಿಸಿತು. ಗೆಳೆಯರ ಮನೆಯಲ್ಲೂ ಜಾಗ ಸಿಗದೆ, ಮುಂಬೈ ರೈಲಿನ ಹೊತ್ತಾಗುವವರೆಗೆ ಊರಿನ ಸಾರ್ವಜನಿಕ ತೋಟದಲ್ಲಿ ಕೂತಿದ್ದರು. ಇದನ್ನು ಅವರೇ ಬರೆದಿಟ್ಟಿದ್ದಾರೆ.

ಹುಡುಗಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಇದು ನಾ ಓದೇ ಇಲ್ರಿ. ಎಷ್ಟ ಸಲ ಏಪ್ರಿಲ್ 14 ಬರದೀನಿ" ಅಂದಳು.

ಅವರಿಗೆ ಮತ್ತೆ ಲಂಡನ್ನಿಗೆ ಹೋಗಲು ಆಗಿದ್ದು 1920ರಲ್ಲಿ. ಡಿ.ಎಸ್ಸಿ. ಸಿಕ್ಕಿದ್ದು 1923ರಲ್ಲಿ. ನಡುವೆ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ದುಡ್ಡು ಕೂಡಿಟ್ಟರು. ನಾನು ಇದನ್ನು ಹೇಳುವಾಗ ಒಂದು ಮಾತು ಸ್ಪಷ್ಟ ಮಾಡಿದೆ. ಅಂಬೇಡ್ಕರರ ನೋವು ನಿಮ್ಮದಕ್ಕಿಂತ ದೊಡ್ಡದು, ಆದ್ದರಿಂದ ನೀವು ಸುಮ್ನಿರಿ ಅಂತ ನಾನು ಹೇಳುತ್ತಿಲ್ಲ. ಅದು ಇನ್ನೊಂದು ಥರದ ಹೋಲಿಕೆ, ಅದರಿಂದಲೂ ಮನಸ್ಸು ಕುಗ್ಗುತ್ತದೆ. ಜಾತಿಯ ಕಾರಣಕ್ಕೆ ಅವರು ಉಂಡಿದ್ದನ್ನು ನಮ್ಮ ಪರೀಕ್ಷೆಯ ಸೋಲಿಗೆ ತೂಗುವುದು ಸರಿಯೂ ಅಲ್ಲ. ನೋಡಬೇಕಾದ್ದು ಇಷ್ಟೇ: 26ರ ಹೊತ್ತಿಗೆ ಅವರ ಕೈಯಲ್ಲಿ ಮುಗಿಯದ ಕೆಲಸ ಇತ್ತು, ಆ ವರ್ಷ ನೋಡಿ ಯಾರೂ ಅವರ ಮುಂದಿನದನ್ನು ಹೇಳಲು ಆಗುತ್ತಿರಲಿಲ್ಲ.

ಮುಂದಿನ ಭೇಟಿಗೆ ಆಕೆಯೇ ಹುಡುಕಿಕೊಂಡು ಬಂದಳು. ರಾಮಾನುಜನ್ ಎಫ್.ಎ., ಅಂದರೆ ಆಗಿನ ಕಾಲೇಜಿನ ಮೊದಲ ಹಂತದ ಪರೀಕ್ಷೆಯಲ್ಲಿ ಫೇಲಾಗಿದ್ದು, ಅದೂ ಒಂದು ಸಲವಲ್ಲ, ಗಣಿತ ಬಿಟ್ಟು ಬೇರೆ ವಿಷಯ ಓದದೆ ಸ್ಕಾಲರ್‌ಶಿಪ್ ಕಳೆದುಕೊಂಡಿದ್ದು, 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಆಗಿದ್ದು. ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಗೆ ಪತ್ರ ಬರೆದಿದ್ದು ಮರುವರ್ಷ. ವಿವೇಕಾನಂದರು 1884ರಲ್ಲಿ ತಂದೆ ತೀರಿಕೊಂಡ ಮೇಲೆ ಬಿ.ಎ. ಮಾಡಿಕೊಂಡೂ ಕೆಲಸಕ್ಕಾಗಿ ಕಲ್ಕತ್ತದ ಆಫೀಸು ಆಫೀಸು ಅಲೆದಿದ್ದು, ಹಸಿದು ತಿರುಗಿದ್ದು. ನಮ್ಮ ಡಿ.ವಿ.ಜಿ. ಮೆಟ್ರಿಕ್ಯುಲೇಷನ್ ದಾಟಲಿಲ್ಲ, 'ಮಂಕುತಿಮ್ಮನ ಕಗ್ಗ' ಬಂದಾಗ ಅವರಿಗೆ 56. ಸರ್ ಎಂ.ವಿ. ಮೈಸೂರಿಗೆ ಚೀಫ್ ಇಂಜಿನಿಯರ್ ಆಗಿ ಬಂದಿದ್ದು 1909ರಲ್ಲಿ, ಬಾಂಬೆ ಸರ್ಕಾರದ ಕೆಲಸದಿಂದ ನಿವೃತ್ತಿ ಪಡೆದ ಮೇಲೆ! ಕೆ.ಆರ್.ಎಸ್. ಕೆಲಸ ಶುರುವಾದಾಗ ಅವರಿಗೆ ಐವತ್ತರ ಆಸುಪಾಸು. ಹೇಳುತ್ತಾ ಹೇಳುತ್ತಾ ಆಕೆಯ ಧ್ವನಿ ಜೋರಾಗಿತ್ತು.

ಆದರೆ ಇಲ್ಲೂ ಒಂದು ತೊಡಕಿದೆ. 'ಫೇಲಾದವರೆಲ್ಲ ಮುಂದೆ ದೊಡ್ಡವರಾದರು' ಅನ್ನುವ ಹೊಸ ಪಟ್ಟಿ ಮಾಡಿಕೊಂಡರೆ ಅದೂ ಒಂದು ಹೊರೆಯೇ. ಫೇಲಾದ ಬಹಳ ಜನ ಪ್ರಸಿದ್ಧರಾಗಲಿಲ್ಲ, ಆದರೂ ಚೆನ್ನಾಗಿ ಬಾಳಿದರು. ಇದನ್ನು ಆಕೆಗೆ ಬಿಡಿಸಿ ಹೇಳಿದೆ. ನಾಳೆ ನೀವು ದೊಡ್ಡ ಅಧಿಕಾರಿ ಆಗುತ್ತೀರಿ ಅಂತ ಭರವಸೆ ಕೊಡುವ ಕೆಲಸ ನನ್ನದಲ್ಲ. ಇವತ್ತು ಊಟ ಮಾಡಿ, ನಿದ್ದೆ ಮಾಡಿ, ನಾಳೆ ಬೆಳಿಗ್ಗೆ ಪುಸ್ತಕ ತೆರೆಯುವಷ್ಟು ಶಕ್ತಿ ಉಳಿಸಿಕೊಳ್ಳುವುದು ಹೇಗೆ ಅನ್ನುವುದಷ್ಟೇ ನಮ್ಮಿಬ್ಬರ ಮುಂದಿರುವ ವಿಷಯ.

ಹಾಗಾಗಿ ದಿನಕ್ಕೊಬ್ಬರು ಅನ್ನುವ ಪದ್ಧತಿಯನ್ನೇ ಬಿಡಿಸಿದೆ. ಪರೀಕ್ಷೆಗೆ ಬೇಕಾದ ದಿನಾಂಕಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಲಿ, ಜನವರಿ 12 ಯುವ ದಿನ, ಸೆಪ್ಟೆಂಬರ್ 15 ಇಂಜಿನಿಯರ್ಸ್ ಡೇ, ಡಿಸೆಂಬರ್ 22 ಗಣಿತ ದಿನ, ಅದು ಬರೀ ಮಾಹಿತಿ. ಸ್ಫೂರ್ತಿಗೆ ತಿಂಗಳಿಗೆ ಒಬ್ಬರು ಸಾಕು. ಒಬ್ಬರದೇ ಆತ್ಮಕಥೆ, ಪತ್ರ, ಸಿಕ್ಕಿದ್ದನ್ನು ನಿಧಾನವಾಗಿ ಓದುವುದು. ಅವರು ಬೇಸತ್ತ ದಿನ ಏನು ಮಾಡಿದರು, ಯಾರ ಹತ್ತಿರ ಸಹಾಯ ಕೇಳಿದರು, ದುಡ್ಡು ಎಲ್ಲಿಂದ ಬಂತು, ಇವನ್ನು ಗುರುತು ಹಾಕಿಕೊಳ್ಳುವುದು. ಈ 'ಯಾರ ಹತ್ತಿರ ಸಹಾಯ ಕೇಳಿದರು' ಅನ್ನುವ ಪ್ರಶ್ನೆಗೆ ನಾನು ತುಂಬಾ ಬೆಲೆ ಕೊಡುತ್ತೇನೆ. ಸ್ಫೂರ್ತಿಯ ಪೋಸ್ಟ್‌ಗಳಲ್ಲಿ ಎಲ್ಲರೂ ಒಬ್ಬರೇ ಗೆದ್ದ ಹಾಗೆ ಕಾಣುತ್ತಾರೆ. ಷಿಕಾಗೋದಲ್ಲಿ ಪರಿಚಯಪತ್ರ ಇಲ್ಲದೆ ನಿಂತ ವಿವೇಕಾನಂದರಿಗೆ ಹಾರ್ವರ್ಡಿನ ಪ್ರೊಫೆಸರ್ ರೈಟ್ ಪತ್ರ ಬರೆದುಕೊಟ್ಟಿದ್ದು, ಅಂಬೇಡ್ಕರರ ಬೆನ್ನಿಗೆ ಬರೋಡಾದ ಸಯಾಜಿರಾವ್ ಮಹಾರಾಜರು ನಿಂತಿದ್ದು, ಇದು ಗೊತ್ತಾದರೆ ಅಣ್ಣನ ದುಡ್ಡಿನಲ್ಲಿ ಓದುವುದು ನಾಚಿಕೆಯ ವಿಷಯ ಅನ್ನಿಸುವುದಿಲ್ಲ.

ಧಾರವಾಡದಲ್ಲಿ ಇದ್ದುಕೊಂಡು ಫೋನಿನಲ್ಲಿ ಸ್ಫೂರ್ತಿ ಹುಡುಕುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಮೊದಲ ತಿಂಗಳಿಗೆ ಬೇಂದ್ರೆಯವರನ್ನು ತೆಗೆದುಕೊಳ್ಳಿ, ಒಂದು ಸಂಜೆ ಅವರ ಮನೆಯಿದ್ದ ಸಾಧನಕೇರಿಗೆ ನಡೆದುಕೊಂಡೇ ಹೋಗಿ ಅಂದೆ. ಜನವರಿ 31ಕ್ಕೆ ಎಲ್ಲರೂ ಬೇಂದ್ರೆ ಫೋಟೋ ಹಾಕುತ್ತಾರೆ, 'ನಾಕುತಂತಿ'ಗೆ ಜ್ಞಾನಪೀಠ ಅಂತ ಬರೆಯುತ್ತಾರೆ. 'ನರಬಲಿ' ಕವನಕ್ಕಾಗಿ ಜೈಲಿಗೆ ಹೋಗಿದ್ದು, ಆಮೇಲೆ ಧಾರವಾಡದ ಹತ್ತಿರದ ಮುಗದ ಊರಿನಲ್ಲಿ ನಿರ್ಬಂಧದಲ್ಲಿದ್ದಿದ್ದು, ಮಾಸ್ತರಿಕೆ ಕೈತಪ್ಪಿ ವರ್ಷಗಟ್ಟಲೆ ಸರಿಯಾದ ನೌಕರಿ ಇಲ್ಲದೆ ಸಂಸಾರ ತೂಗಿಸಿದ್ದು, ಮಕ್ಕಳನ್ನು ಒಬ್ಬೊಬ್ಬರಾಗಿ ಕಳೆದುಕೊಂಡಿದ್ದು, 1944ರಲ್ಲಿ ಸೊಲ್ಲಾಪುರದ ಕಾಲೇಜಿನಲ್ಲಿ ಕೆಲಸ ಸಿಕ್ಕಿದ್ದು, ಇಷ್ಟನ್ನು ಓದಿದ ಮೇಲೆ ಅವರ ಕವನ ಬೇರೆ ಥರ ಕೇಳಿಸುತ್ತದೆ. ಹುಡುಗಿ ಹೋದಳು. ಕೆರೆಯ ಹತ್ತಿರ ಕೂತಿದ್ದೆ, ಬಹಳ ದಿನದ ಮೇಲೆ ಸಂಜೆ ಹೊರಗ ಬಂದಿದ್ದೆ ಅಂದಳು. ನನಗೆ ಬೇಕಾಗಿದ್ದಿದ್ದೂ ಅದೇ. ರೂಮು, ಲೈಬ್ರರಿ, ಮೆಸ್ಸು ಬಿಟ್ಟು ಒಂದು ನಾಲ್ಕನೇ ಜಾಗ.

ಇನ್ನೊಂದು ಅಭ್ಯಾಸವನ್ನೂ ಹಚ್ಚಿದೆ: ಬಂದ ಪೋಸ್ಟ್ ನಿಜವಾ ಅಂತ ನೋಡುವುದು. ಫೆಬ್ರವರಿ 14ಕ್ಕೆ ಭಗತ್ ಸಿಂಗ್‌ರನ್ನು ಗಲ್ಲಿಗೇರಿಸಿದರು ಅನ್ನುವ ಮೆಸೇಜ್ ವರ್ಷ ವರ್ಷ ಬರುತ್ತದೆ, ಅಲ್ವಾ? ಗಲ್ಲಿಗೇರಿಸಿದ್ದು 1931ರ ಮಾರ್ಚ್ 23, ಲಾಹೋರ್. ಬೀದಿದೀಪದ ಕೆಳಗೆ ಓದಿದ ಕಥೆ ವಿಶ್ವೇಶ್ವರಯ್ಯನವರದು ಅಂತ ನಮ್ಮಲ್ಲಿ ಹೇಳುತ್ತಾರೆ. ಅದನ್ನೇ ಬಂಗಾಳದಲ್ಲಿ ಈಶ್ವರಚಂದ್ರ ವಿದ್ಯಾಸಾಗರರ ಬಗ್ಗೆ, ತಮಿಳುನಾಡಿನಲ್ಲಿ ಮುತ್ತುಸ್ವಾಮಿ ಅಯ್ಯರ್ ಬಗ್ಗೆ ಹೇಳುತ್ತಾರೆ. ಹೀಗೆ ಹುಡುಕುವಾಗ ಪೋಸ್ಟ್ ಮುಂದೆ ತಲೆ ತಗ್ಗಿಸಿ ಕೂರುವವಳು ಪ್ರಶ್ನೆ ಕೇಳುವವಳಾಗುತ್ತಾಳೆ. ಪರೀಕ್ಷೆಗೂ ಒಳ್ಳೆಯದೇ.

ಅಣ್ಣನನ್ನು ಆಕೆಯ ಒಪ್ಪಿಗೆ ಪಡೆದು ಕರೆಸಿದೆ. ಒಳ್ಳೆಯ ಮನುಷ್ಯ. ವಿಷಯ ಕೇಳಿ ಗಾಬರಿಯಾದ. "ನಂಗ ಹೆಚ್ಚಿಗಿ ಮಾತಾಡಾಕ ಬರಂಗಿಲ್ರಿ ಮೇಡಂ. ತಂಗೀಗೆ ಧೈರ್ಯ ಬರ್ಲಿ ಅಂತ ಕಳಸ್ತಿದ್ದೆ. ಅದು ಆಕೀಗೆ ಚುಚ್ಚತದ ಅಂತ ಗೊತ್ತಿದ್ರ ಯಾಕ ಕಳಸ್ಲಿ?" ಅಂದ. ಫಾರ್ವರ್ಡ್ ಬದಲು ವಾರಕ್ಕೆ ಒಂದು ಸಲ ಫೋನ್ ಮಾಡಿ, ಓದು ಎಲ್ಲಿಗೆ ಬಂತು ಅಂತ ಕೇಳದೆ ಊಟ ಆತಾ ಅಂತ ಕೇಳಿ ಅಂದೆ. ಖರ್ಚಿನ ಬಗ್ಗೆಯೂ ಮೂವರೂ ಕೂತು ಮಾತಾಡಿದೆವು. ಇನ್ನು ಎಷ್ಟು ದಿನ ಪೂರ್ತಿ ಓದು, ಯಾವ ಪರೀಕ್ಷೆಯ ನಂತರ ಬೇರೆ ಕೆಲಸವನ್ನೂ ನೋಡುವುದು ಅಂತ ಒಂದು ಗಡುವು ಹಾಕಿಕೊಂಡರು. ಗಡುವು ಇಲ್ಲದ ತಯಾರಿ ಮನುಷ್ಯರನ್ನು ಒಳಗಿನಿಂದ ತಿನ್ನುತ್ತದೆ, ಇದನ್ನು ನಾನು ಬರುವ ಎಲ್ಲ ಮನೆಯವರಿಗೂ ಹೇಳುತ್ತೇನೆ. ಮದುವೆಯ ಮಾತನ್ನು ಆ ಗಡುವಿನವರೆಗೆ ಎತ್ತುವುದಿಲ್ಲ ಅಂತ ಅಣ್ಣನೇ ಹೇಳಿದ. ಅವ್ವನನ್ನು ಒಪ್ಪಿಸುವ ಜವಾಬ್ದಾರಿಯೂ ಅವನದೇ.

ಈಗ ಆಕೆ ಬೆಳಿಗ್ಗೆ ಹೊತ್ತು ಒಂದು ಕೋಚಿಂಗ್‌ನಲ್ಲಿ ಇತಿಹಾಸ ಹೇಳಿಕೊಡುತ್ತಾಳೆ, ಉಳಿದ ಹೊತ್ತು ಓದು. ನಿದ್ದೆ ಸುಧಾರಿಸಿದೆ. ಔಷಧಿಯನ್ನು ವೈದ್ಯರು ಹೇಳುವವರೆಗೆ ನಿಲ್ಲಿಸುವಂತಿಲ್ಲ ಅನ್ನುವುದು ಆಕೆಗೆ ಗೊತ್ತಿದೆ. ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶ ಬಂದಿಲ್ಲ. ಕೆಟ್ಟ ದಿನಗಳು ಇನ್ನೂ ಬರುತ್ತವೆ. ಅಂಥ ದಿನ ಯಾರಿಗೆ ಫೋನ್ ಮಾಡಬೇಕು ಅನ್ನುವ ಮೂರು ಹೆಸರು ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದುಕೊಂಡಿದ್ದಾಳೆ, ಮೊದಲನೆಯದು ಅಣ್ಣನದು.

ಓದುತ್ತಿರುವ ನಿಮಗೂ ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಕೆಟ್ಟಿದ್ದರೆ, ಬದುಕು ಸಾಕು ಅನ್ನಿಸುತ್ತಿದ್ದರೆ ಸ್ಫೂರ್ತಿಯ ಮಾತು ಓದಿಕೊಂಡು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಅಂದರೆ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಹೊತ್ತಲ್ಲೂ ಎತ್ತುತ್ತಾರೆ. ಫೋನ್ ಮಾಡಲು ನಿಮಗೆ ಆಗದಿದ್ದರೆ ಪಕ್ಕದಲ್ಲಿರುವವರಿಗೆ ಮಾಡಿಕೊಡಲು ಹೇಳಿ.