ಕೆಂಟಕಿಯ ಗುಂಡು ಸ್ವಲ್ಪ ತಡವಾಗಿ ಹಾರಲಿ

ಪ್ರಿಯ ಲೇಖಕರೇ,

ಅಮೆರಿಕದ ಕೆಂಟಕಿ ರಾಜ್ಯದ 1899ರ ಗವರ್ನರ್ ಚುನಾವಣೆಯ ಬಗ್ಗೆ ನೀವು ಕಳಿಸಿದ ‘ಹುತಾತ್ಮ ಗೋಬೆಲ್’ ಲೇಖನ ಓದಿದೆ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ವಿಷಯ ಅಪರೂಪದ್ದು, ಭಾಷೆಗೂ ಓಟವಿದೆ. ಆದ್ದರಿಂದಲೇ ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲಿನಲ್ಲಿ ಮುಗಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ.

‘1900ರ ಜನವರಿ 30. ಢಂ!’ ಎಂದು ಶುರು ಮಾಡಿದ್ದೀರಿ. ಬಿದ್ದವನು ಯಾರು, ಅವನು ಬದುಕಿದರೆ ಯಾರಿಗೆ ಏನು ನಷ್ಟ ಎಂಬುದು ಓದುಗನಿಗೆ ಗೊತ್ತಾಗುವುದೇ ಮೂರನೇ ಪುಟದಲ್ಲಿ. ಅಷ್ಟು ಹೊತ್ತಿಗೆ ನೀವು ಎರಡು ಪ್ಯಾರಾ ಅತ್ತು ಮುಗಿಸಿದ್ದೀರಿ. ಓದುಗ ಮಾತ್ರ ಇನ್ನೂ ಒಣಕಣ್ಣಲ್ಲೇ ಕೂತಿದ್ದಾನೆ. ಅಮೆರಿಕದ ಗವರ್ನರನ್ನು ಜನರೇ ಆರಿಸುತ್ತಾರೆ, ನಮ್ಮ ರಾಜಭವನದವರ ಹಾಗೆ ಮೇಲಿನಿಂದ ಬರುವುದಿಲ್ಲ ಎಂಬುದನ್ನಾದರೂ ಮೊದಲು ಒಂದು ವಾಕ್ಯದಲ್ಲಿ ಹೇಳಬೇಡವೇ?

ಈ ಕಥೆಯ ಜೀವ ಇರುವುದು ಗುಂಡಿನಲ್ಲಲ್ಲ, ಮತ ಎಣಿಸುವ ಮೇಜಿನ ಮೇಲೆ. ಅದಕ್ಕೆ ನೀವು ಕೊಟ್ಟಿರುವುದು ಒಂದೇ ವಾಕ್ಯ: ‘ಗೋಬೆಲ್ ಚುನಾವಣಾ ಸುಧಾರಣೆ ತಂದರು.’ ಸುಧಾರಣೆಯೇ? 1898ರ ಆ ಕಾಯಿದೆಯ ಪ್ರಕಾರ ಮೂವರ ರಾಜ್ಯ ಚುನಾವಣಾ ಮಂಡಳಿಯನ್ನು ಶಾಸನಸಭೆ ನೇಮಿಸುತ್ತಿತ್ತು, ಜಿಲ್ಲೆಗಳ ಮಂಡಳಿಗಳನ್ನು ಆ ಮೂವರು ನೇಮಿಸುತ್ತಿದ್ದರು. ಶಾಸನಸಭೆ ಡೆಮಾಕ್ರಾಟರ ಕೈಯಲ್ಲಿತ್ತು. ಕಾಯಿದೆ ಬರೆದ ರಾಜ್ಯ ಸೆನೆಟರ್ ವಿಲಿಯಂ ಗೋಬೆಲ್ ಡೆಮಾಕ್ರಾಟ್, ಮರುವರ್ಷ ಗವರ್ನರ್ ಹುದ್ದೆಗೆ ಅಭ್ಯರ್ಥಿಯೂ ಅವರೇ. ಆಗಿನ ಗವರ್ನರ್ ಬ್ರಾಡ್ಲಿ ಎದುರು ಪಕ್ಷದವರು, ರಿಪಬ್ಲಿಕನ್. ಅವರು ವೀಟೋ ಹಾಕಿದರು, ಶಾಸನಸಭೆ ಅದನ್ನು ತಳ್ಳಿಹಾಕಿತು. ಇದು ಸ್ವಂತ ಪಕ್ಷದ ಹಲವರಿಗೂ ಹೇಸಿಗೆ ತಂದು, ಮಾಜಿ ಗವರ್ನರ್ ಜಾನ್ ಯಂಗ್ ಬ್ರೌನ್ ಬಂಡಾಯ ನಿಂತರು.

ಈಗ ಫಲಿತಾಂಶ ನೋಡಿ. ರಿಪಬ್ಲಿಕನ್ ವಿಲಿಯಂ ಟೇಲರ್ 1,93,714. ಗೋಬೆಲ್ 1,91,331. ಅಂತರ 2,383. ಬಂಡಾಯದ ಬ್ರೌನ್ ತಿಂದ ಮತಗಳು ಅದರ ಐದು ಪಟ್ಟು, ಸುಮಾರು 12 ಸಾವಿರ. ನಿಮ್ಮ ಲೇಖನದಲ್ಲಿ ಬ್ರೌನ್ ಹೆಸರೇ ಇಲ್ಲ!

ಎಣಿಕೆ ಮಂಡಳಿಯ ಮುಂದೆ ಬಂದಾಗ ಮೂವರೂ ಡೆಮಾಕ್ರಾಟರು, ಮಂಡಳಿಯನ್ನು ಹುಟ್ಟಿಸಿದ್ದೇ ಗೋಬೆಲ್ ಕಾಯಿದೆ. ತೀರ್ಪು ಯಾರ ಕಡೆ ಎಂದು ಎಲ್ಲರೂ ಮೊದಲೇ ಲೆಕ್ಕ ಹಾಕಿಟ್ಟಿದ್ದರು. ಆದರೆ ಪ್ರಯರ್ ಮತ್ತು ಎಲಿಸ್ ಎಂಬ ಇಬ್ಬರು, ಬಂದ ಲೆಕ್ಕ ಕೂಡಿಸುವುದಷ್ಟೇ ನಮ್ಮ ಕೆಲಸ, ಅಕ್ರಮದ ವಿಚಾರಣೆ ನಡೆಸುವ ಅಧಿಕಾರ ನಮಗಿಲ್ಲ ಎಂದುಬಿಟ್ಟರು. ಪಾಯಿಂಟ್ಸ್ ಒಬ್ಬರೇ ಒಪ್ಪಲಿಲ್ಲ. ಡಿಸೆಂಬರ್ 12ರಂದು ಟೇಲರ್ ಪ್ರಮಾಣವಚನ ಸ್ವೀಕರಿಸಿದರು. ಅಲ್ಲಿಂದ ಶುರು ಮಾಡಿ. ಇದಕ್ಕಿಂತ ಒಳ್ಳೆಯ ಆರಂಭ ಯಾವ ಕಾದಂಬರಿಕಾರನಿಗೂ ಸಿಗದು. ನೀವು ಅದನ್ನು ‘ಆದರೆ ಫಲಿತಾಂಶ ಟೇಲರ್ ಪರವಾಗಿ ಬಂತು’ ಎಂದು ದಾಟಿಬಿಟ್ಟಿದ್ದೀರಿ.

ಆಮೇಲೆ ಬಿಗಿ ತಾನಾಗಿಯೇ ಏರುತ್ತದೆ. ಗೋಬೆಲ್ ತಕರಾರು ಶಾಸನಸಭೆಗೆ ಹೋಗುತ್ತದೆ. ವಿಚಾರಣಾ ಸಮಿತಿಗೆ ಚೀಟಿ ಎತ್ತಿದರೆ ಬಹುಪಾಲು ಗೋಬೆಲ್ ಕಡೆಯವರೇ ಬರುತ್ತಾರೆ. ರಿಪಬ್ಲಿಕನ್ನರಿಗೆ ಮುಂದಿನದು ಅರ್ಥವಾಗುತ್ತದೆ. ಪೂರ್ವದ ಬೆಟ್ಟಸೀಮೆಯಿಂದ ಬಂದೂಕು ಹಿಡಿದ ಅವರ ಕಡೆಯವರು ರೈಲು ಹತ್ತಿ ರಾಜ್ಯದ ರಾಜಧಾನಿ ಫ್ರಾಂಕ್‌ಫರ್ಟಿಗೆ ಬಂದಿಳಿಯುತ್ತಾರೆ. ಈಗ ಹಾರಲಿ ನಿಮ್ಮ ಗುಂಡು. ‘ಢಂ’ ಆಗಲೂ ಬೇಡ.

ಗೋಬೆಲ್‌ಗೆ ಗುಂಡು ತಗುಲಿದ ಮರುದಿನ ಶಾಸನಸಭೆಯ ಡೆಮಾಕ್ರಾಟರು ಟೇಲರ್ ಪರವಾದ ಒಂದಿಷ್ಟು ಮತಗಳನ್ನು ಅಸಿಂಧುಗೊಳಿಸಿ ಗೋಬೆಲ್ ಗೆದ್ದರೆಂದು ಸಾರಿದರು. ಸಾಯುವ ಮಂಚದ ಮೇಲೆಯೇ ಪ್ರಮಾಣವಚನ ನಡೆಯಿತು. ಫೆಬ್ರುವರಿ 3ರಂದು ಅವರು ತೀರಿಕೊಂಡರು. ಅಧಿಕಾರದಲ್ಲಿದ್ದಾಗ ಹತ್ಯೆಗೀಡಾಗಿ ಸತ್ತ ಏಕೈಕ ಅಮೆರಿಕನ್ ಗವರ್ನರ್ ಎಂದು ನೀವು ಬರೆದದ್ದು ಸರಿ. ಗುಂಡು ತಗುಲಿದಾಗ ಅವರಿನ್ನೂ ಗವರ್ನರ್ ಆಗಿರಲಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಇನ್ನು ‘ಹುತಾತ್ಮ’. ರೈಲ್ವೆ ಕಂಪನಿಗಳ ವಿರುದ್ಧ ಅವರು ಹೋರಾಡಿದ್ದು ನಿಜ, ಲೂಯಿವಿಲ್–ನ್ಯಾಶ್‌ವಿಲ್ ರೈಲ್ವೆ ಅವರನ್ನು ಸೋಲಿಸಲು ಹಣ ಸುರಿದದ್ದೂ ನಿಜ. ಆದರೆ 1895ರಲ್ಲಿ ಕವಿಂಗ್ಟನ್ ಊರಿನಲ್ಲಿ ರಾಜಕೀಯ ಎದುರಾಳಿ ಜಾನ್ ಸ್ಯಾಂಡ್‌ಫರ್ಡ್‌ರನ್ನು ಇದೇ ಗೋಬೆಲ್ ಗುಂಡಿಟ್ಟು ಕೊಂದಿದ್ದರು. ಇಬ್ಬರೂ ಪಿಸ್ತೂಲು ಹಾರಿಸಿದ್ದರು, ಗೋಬೆಲ್‌ಗೆ ಶಿಕ್ಷೆಯಾಗಲಿಲ್ಲ. ನೀವು ಇದನ್ನು ಬಿಟ್ಟದ್ದು ತಿಳಿಯದೆಯೋ, ಪೂಜೆಗೆ ಭಂಗ ಬರುತ್ತದೆಂದೋ? ಎರಡನೆಯದಾದರೆ ನಮ್ಮಿಬ್ಬರಿಗೆ ಹೊಂದುವುದಿಲ್ಲ. ಇಂಥ ಮನುಷ್ಯನನ್ನು ಇದ್ದಂತೆಯೇ ನಿಲ್ಲಿಸಿ, ಓದುಗ ಅವನನ್ನು ಮರೆಯಲಾರ.

‘ಟೇಲರ್ ಕೊಲ್ಲಿಸಿದ’ ಎಂಬ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಟೇಲರ್ ಇಂಡಿಯಾನಾಕ್ಕೆ ಓಡಿಹೋದರು, ಆ ರಾಜ್ಯ ಅವರನ್ನು ಒಪ್ಪಿಸಲಿಲ್ಲ, ವಿಚಾರಣೆ ನಡೆಯಲೇ ಇಲ್ಲ, 1909ರಲ್ಲಿ ಕ್ಷಮಾದಾನ ಸಿಕ್ಕಿತು. ಗುಂಡು ಹಾರಿಸಿದ ಕೈ ಯಾರದ್ದೆಂದು ಇಂದಿಗೂ ಜಗಳವಿದೆ.

‘ಧೀರರಾಗಿರಿ, ನಿರ್ಭೀತರಾಗಿರಿ, ಜನಸಾಮಾನ್ಯರಿಗೆ ನಿಷ್ಠರಾಗಿರಿ’ ಎಂಬ ಗೋಬೆಲ್‌ರ ಕೊನೆಯ ಮಾತಿನೊಂದಿಗೆ ಮುಗಿಸಿದ್ದೀರಿ. ಪತ್ರಿಕೆಗಳಲ್ಲಿ ಬಂದದ್ದು ಹಾಗೆಯೇ. ಆಗ ವರದಿಗಾರರಾಗಿದ್ದ ಅರ್ವಿನ್ ಕಾಬ್ ಹೆಸರಿನಲ್ಲಿ ಇನ್ನೊಂದು ಕಥೆಯೂ ಓಡಾಡುತ್ತದೆ: ಗೋಬೆಲ್ ನಿಜವಾಗಿ ಆಡಿದ್ದು, ತಿಂದ ಸಿಂಪಿ ಕೆಟ್ಟಿತ್ತು ಎಂಬ ದೂರಂತೆ. ಎರಡನ್ನೂ ಹಾಕಿ, ಆದರೆ ನಡುವೆ ಎಲ್ಲಾದರೂ. ಕೊನೆಗೆ ಅಂಟಿಸಿದ ನಮ್ಮ ಮತಯಂತ್ರಗಳ ಚರ್ಚೆ ತೆಗೆದುಬಿಡಿ. ಕೆಂಟಕಿಯವರ ಜಗಳಕ್ಕೆ ನಮ್ಮ ಊರುಗೋಲು ಬೇಕಿಲ್ಲ.

ಲೇಖನ 1900ರ ಮೇ ತಿಂಗಳಿಗೆ ನಿಲ್ಲಲಿ: ಗವರ್ನರ್ ಯಾರೆಂಬ ವ್ಯಾಜ್ಯದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಲೆಹಾಕಲು ಒಲ್ಲೆನೆಂದಿತು, ಗೋಬೆಲ್ ಜೊತೆ ಉಪಗವರ್ನರ್ ಹುದ್ದೆಗೆ ನಿಂತಿದ್ದ ಬೆಕ್ಹಮ್ ಮೂವತ್ತರ ವಯಸ್ಸಿಗೇ ಗವರ್ನರ್ ಆಗಿ ಉಳಿದರು. ಸ್ವತಃ ಕೆಂಟಕಿಯವರಾದ ನ್ಯಾಯಮೂರ್ತಿ ಹಾರ್ಲನ್ ಭಿನ್ನಮತ ಬರೆದದ್ದಕ್ಕೆ ಎರಡು ಸಾಲು ಇಡಿ. ಕೊಲೆ ಸಂಚಿನ ಆರೋಪದಲ್ಲಿ ನಾಲ್ಕು ಸಲ ವಿಚಾರಣೆ ಎದುರಿಸಿ, 1908ರಲ್ಲಿ ಕ್ಷಮಾದಾನ ಪಡೆದು, ಆಮೇಲೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೇ ಆರಿಸಿಬಂದ, ಟೇಲರ್ ಪಕ್ಷದ ಕೇಲಬ್ ಪವರ್ಸ್ ಬೇರೆಯದೇ ಲೇಖನ. ಅದನ್ನೂ ಬರೆಯುವಿರಾದರೆ ಮೊದಲೇ ತಿಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂಪಾದಕ