ಡಬ್ಲಿನ್‌ನಿಂದ ಒಂದೇ ದಿನದಲ್ಲಿ ನ್ಯೂಗ್ರೇಂಜ್ ಗೋರಿ, ಮೊನಾಸ್ಟರ್‌ಬಾಯ್ಸ್ ಶಿಲುಬೆಗಳು, ಟ್ರಿಮ್ ಕೋಟೆ ಮೂರನ್ನೂ ನೋಡಬಹುದೇ?

ಬೇಸಿಗೆಯಾಗಿದ್ದು ಕಾರೂ ಇದ್ದರೆ ಆಗುತ್ತದೆ. ಬಸ್ಸನ್ನೇ ನಂಬಿದರೆ ಒಂದನ್ನು ಬಿಡಬೇಕಾದೀತು. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲೇ ಓಡಿಸುತ್ತಾರೆ.

ಬೆಳಗಿನ ಮೊದಲ ಸರದಿ ನ್ಯೂಗ್ರೇಂಜ್‌ಗೆ ಇರಲಿ. ಟಿಕೆಟ್ ಆನ್‌ಲೈನ್‌ನಲ್ಲಿ ಮುಂಚೆಯೇ ತೆಗೆಯಿರಿ, ಒಳಕೋಣೆಯ ಪ್ರವೇಶ ಅದರಲ್ಲಿ ಸೇರಿದೆಯೇ ನೋಡಿಕೊಳ್ಳಿ. ಮ್ಯಾಪ್‌ನಲ್ಲಿ ಗೋರಿಯನ್ನಲ್ಲ, ಬಾಯ್ನ್ ನದಿಯ ದಕ್ಷಿಣ ದಡದ ಸಂದರ್ಶಕರ ಕೇಂದ್ರವನ್ನು ಹಾಕಿ. ಗೋರಿಗೆ ಅಲ್ಲಿಂದ ಅವರ ಬಸ್ಸಿನಲ್ಲೇ ಹೋಗಬೇಕು. ಕ್ರಿ.ಪೂ. 3200ರ ಸುಮಾರಿನ ಈ ಗೋರಿಯ ಓಣಿ 19 ಮೀಟರ್ ಉದ್ದ, ಬಹಳ ಇಕ್ಕಟ್ಟು. ಮುಚ್ಚಿದ ಜಾಗ ಆಗದವರು ಹೊರಗೇ ನಿಲ್ಲುವುದು ಒಳ್ಳೆಯದು. ಒಳಗೆ ಫೋಟೋ ತೆಗೆಯುವಂತಿಲ್ಲ. ತಲೆಯೆತ್ತಿ ಚಾವಣಿ ನೋಡಿ: ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಮುಂಚಾಚಿ ಜೋಡಿಸಿದ್ದು ಇಂದಿಗೂ ನಿಂತಿದೆ.

ಮೊನಾಸ್ಟರ್‌ಬಾಯ್ಸ್‌ಗೆ ಹನ್ನೆರಡೂವರೆಯಿಂದ ಎರಡೂವರೆಯೊಳಗೆ ಹೋಗಿ. ಹೆಚ್ಚಿನವರು ಎಡವುವುದು ಇಲ್ಲೇ. ಅಲ್ಲಿನ ಕೆತ್ತನೆಯ ಕಲ್ಲುಶಿಲುಬೆಗಳಲ್ಲಿ ಒಂದಾದ ಮುಯಿರೆಡಾಕ್ ಶಿಲುಬೆಯ ದೊಡ್ಡ ಮುಖಗಳು ಪೂರ್ವಕ್ಕೂ ಪಶ್ಚಿಮಕ್ಕೂ ಇವೆ. ಬಿಸಿಲು ನೇರವಾಗಿ ಬಿದ್ದರೆ ಸವೆದ ಮರಳುಗಲ್ಲಿನ ಉಬ್ಬುಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ಬಿಸಿಲು ಓರೆಯಾಗಿ ಸವರಿದರೆ ಒಂದೊಂದು ಆಕೃತಿಯೂ ಎದ್ದು ಬರುತ್ತದೆ. ಬೇಸಿಗೆಯ ಗಡಿಯಾರದಲ್ಲಿ ಸುಮಾರು ಒಂದೂವರೆಗೆ ಸೂರ್ಯ ದಕ್ಷಿಣಕ್ಕೆ ಬರುತ್ತಾನೆ. ಅದಕ್ಕೆ ಮೊದಲು ಪೂರ್ವಮುಖ, ಆಮೇಲೆ ಪಶ್ಚಿಮಮುಖ ನೋಡಿ. ಪೂರ್ವದಲ್ಲಿ ನಡುವೆ ಅಂತಿಮ ತೀರ್ಪು, ಅದರಡಿ ಆತ್ಮಗಳನ್ನು ತೂಗುವ ದೇವದೂತ ಮೈಕೇಲ್, ತೀರ ಕೆಳಗೆ ಆದಾಮ ಮತ್ತು ಹವ್ವ. ಪಶ್ಚಿಮದಲ್ಲಿ ಶಿಲುಬೆಗೇರಿದ ಯೇಸು. ಬುಡದಲ್ಲಿ ಮುಯಿರೆಡಾಕನಿಗಾಗಿ ಪ್ರಾರ್ಥಿಸಿ ಎಂಬ ಶಾಸನ, ಜೊತೆಗೆ ಎರಡು ಬೆಕ್ಕುಗಳು. ಈ ಬೆಕ್ಕುಗಳನ್ನು ಬಗ್ಗಿ ನೋಡದೆ ಬರಬೇಡಿ! ಮೋಡವಿದ್ದರೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕಲ್ಲನ್ನು ಮುಟ್ಟಬೇಡಿ, ಸಾವಿರ ವರ್ಷ ದಾಟಿದ ಕೆತ್ತನೆ ಅದು. ಪ್ರವೇಶಕ್ಕೆ ದುಡ್ಡಿಲ್ಲ. ಇದು ಈಗಲೂ ಸ್ಮಶಾನ, ಸಮಾಧಿಗಳನ್ನು ತುಳಿಯದೆ ನಡೆಯಿರಿ.

ಅಲ್ಲಿಂದ ಟ್ರಿಮ್‌ಗೆ ಹೆಚ್ಚುಕಡಿಮೆ ಒಂದು ಗಂಟೆ. 12ನೇ ಶತಮಾನದಲ್ಲಿ ನಾರ್ಮನ್ ದೊರೆ ಹ್ಯೂ ಡಿ ಲೇಸಿ ಆರಂಭಿಸಿದ ಕೋಟೆ. ನಡುಗೋಪುರಕ್ಕೆ 20 ಮೂಲೆಗಳು. ಗೋಪುರದೊಳಗೆ ಗೈಡ್ ಜೊತೆಗೇ ಹೋಗಬೇಕು, ಆದ್ದರಿಂದ ಕೊನೆಯ ಸುತ್ತು ಎಷ್ಟು ಹೊತ್ತಿಗೆಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ತಡವಾಗಿಬಿಟ್ಟರೆ ನದಿಯ ಆಚೆ ದಡದಿಂದ ಕೋಟೆ ಪೂರ್ತಿಯಾಗಿ ಕಾಣುತ್ತದೆ, ಅದಕ್ಕೆ ಟಿಕೆಟ್ ಬೇಡ.